ಕಿವಿ ಮೂಲಕ ವೇಗಸ್ ನರ ಎಬ್ಬಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಿವಿಗೆ ಸಣ್ಣ ಕರೆಂಟ್ ಕೊಡುವ ಒಂದು ಕ್ಲಿಪ್ ಸಿಗಿಸಿಕೊಂಡು ಅರ್ಧ ಗಂಟೆ ಕೂತರೆ ನಿದ್ದೆ, ಟೆನ್ಶನ್, ಗ್ಯಾಸ್ಟ್ರಿಕ್, ಮಂಡಿನೋವು ಎಲ್ಲಾ ವಾಸಿಯಾಗುತ್ತದೆ ಅನ್ನುವ ವಿಡಿಯೊಗಳು ಈಗ ಎಲ್ಲರ ಫೋನಿಗೂ ಬರುತ್ತಿವೆ. ಇದು ಪೂರ್ತಿ ಬುರುಡೆ ಅಲ್ಲ. ಅವರು ಹೇಳುವಷ್ಟು ದೊಡ್ಡದೂ ಅಲ್ಲ. ಆ ಕ್ಲಿಪ್ ಎಬ್ಬಿಸುತ್ತದೆ ಅನ್ನುವ ವೇಗಸ್ ನರ ನಿಜ, ಅದರ ಒಂದು ಕವಲು ಕಿವಿಗೆ ಬರುವುದೂ ನಿಜ. ತಕರಾರು ಶುರುವಾಗುವುದು ಅಲ್ಲಿಂದ ಮುಂದಕ್ಕೆ. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ, ಆದರೆ ಮೆಷಿನ್ ಕೊಳ್ಳುವ ಯೋಚನೆ ಇದ್ದರೆ "ಯಾರು ಮುಟ್ಟಬಾರದು" ಅನ್ನುವುದನ್ನು ಮಾತ್ರ ಬಿಡಬೇಡಿ.

ವೇಗಸ್ ನರ ಅಂದ್ರೆ ಯಾವುದು? ಏನು ಕೆಲಸ ಅದಕ್ಕೆ?

ಮೆದುಳಿನಿಂದ ನೇರವಾಗಿ ಹೊರಡುವ 12 ಜೊತೆ ನರಗಳಿವೆ. ಅದರಲ್ಲಿ 10ನೆಯದು ಇದು. ಮೆದುಳಿನ ಬುಡದಿಂದ ಹೊರಟು, ಕತ್ತಿನ ಎರಡೂ ಪಕ್ಕ ದೊಡ್ಡ ರಕ್ತನಾಳದ ಜೊತೆಜೊತೆಗೇ ಇಳಿದು, ಗಂಟಲು, ಹೃದಯ, ಶ್ವಾಸಕೋಶ, ಜಠರ, ಕರುಳು ಅಂತ ದಾರಿಯುದ್ದಕ್ಕೂ ಕವಲು ಬಿಡುತ್ತಾ ಹೋಗುತ್ತದೆ. ಎದೆಬಡಿತ ನಿಧಾನ ಮಾಡುವುದು, ಊಟ ಅರಗಿಸುವುದು, ನುಂಗುವುದು, ದನಿ ಹೊರಡಿಸುವುದು, ಎಲ್ಲದರಲ್ಲೂ ಇದರ ಕೈ ಇದೆ.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಈ ನರದ ಎಳೆಗಳಲ್ಲಿ ಸುಮಾರು 80% ಮೆದುಳಿನಿಂದ ಕೆಳಕ್ಕೆ ಆಜ್ಞೆ ತರುವಂಥವಲ್ಲ, ಮೈಯಿಂದ ಮೆದುಳಿಗೆ ಸುದ್ದಿ ಒಯ್ಯುವಂಥವು. ಕಿವಿಯ ಚಿಕಿತ್ಸೆ ನಿಂತಿರುವುದೇ ಈ ಮೇಲ್ಮುಖದ ಎಳೆಗಳ ಮೇಲೆ.

ಇದು ಹೊಸ ಫ್ಯಾಶನ್ ವಿಜ್ಞಾನ ಅಂತ ಅಂದುಕೊಂಡಿದ್ದರೆ, 1921ರಲ್ಲೇ ಆಟೊ ಲೊಯ್ವಿ ಎಂಬ ವಿಜ್ಞಾನಿ ಎರಡು ಕಪ್ಪೆಗಳ ಹೃದಯ ಇಟ್ಟುಕೊಂಡು ಒಂದು ಪ್ರಯೋಗ ಮಾಡಿದ್ದರು. ಒಂದರ ವೇಗಸ್ ನರಕ್ಕೆ ಕರೆಂಟ್ ಕೊಟ್ಟರು, ಅದರ ಬಡಿತ ನಿಧಾನವಾಯಿತು. ಆ ಹೃದಯ ಮುಳುಗಿದ್ದ ದ್ರವವನ್ನು ತೆಗೆದು ಇನ್ನೊಂದರ ಮೇಲೆ ಹಾಕಿದರು. ಯಾವ ನರವನ್ನೂ ಮುಟ್ಟದೆ ಅದೂ ನಿಧಾನವಾಯಿತು. ದ್ರವದಲ್ಲಿದ್ದದ್ದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಅಂತ ತಿಳಿದದ್ದು ಹಾಗೆ, ಇದೇ ನರದಿಂದ.

ಹೊಟ್ಟೆಗೆ ಹೋಗುವ ನರಕ್ಕೂ ಕಿವಿಗೂ ಏನು ಸಂಬಂಧ?

ಬಡ್ಸ್ ಹಾಕಿ ಕಿವಿ ಕೆರೆದುಕೊಳ್ಳುವಾಗ ಇದ್ದಕ್ಕಿದ್ದಂತೆ ಕೆಮ್ಮು ಬರುವವರನ್ನು ನೋಡಿದ್ದೀರಾ? ಗಂಟಲಲ್ಲಿ ಏನೂ ಇರಲ್ಲ, ಆದರೂ ಕೆಮ್ಮು. ಗುಗ್ಗೆ ತೆಗೆಯುವ ಇಎನ್‌ಟಿ ಡಾಕ್ಟರನ್ನು ಕೇಳಿ, ಅವರಿಗೆ ಇದು ಹಳೇ ಪರಿಚಯ. ವೇಗಸ್‌ನ ಒಂದು ಸಣ್ಣ ಕವಲು ಕಿವಿಯ ತೂತಿನ ಚರ್ಮಕ್ಕೂ ಹೊರಗಿವಿಯ ಬಟ್ಟಲಿಗೂ ಬರುತ್ತದೆ. 19ನೇ ಶತಮಾನದ ಜರ್ಮನ್ ಅಂಗರಚನಾ ತಜ್ಞ ಫ್ರೆಡ್ರಿಕ್ ಆರ್ನಾಲ್ಡ್ ವಿವರಿಸಿದ್ದರಿಂದ ಅದಕ್ಕೆ ಆರ್ನಾಲ್ಡ್ ನರ ಅಂತ ಹೆಸರು. ಅದನ್ನು ಕೆಣಕಿದರೆ ಗಂಟಲಿನ ನರವೇ ಕೂಗಿತು ಅಂತ ಮೆದುಳು ತಪ್ಪು ತಿಳಿಯುತ್ತದೆ. ಎಲ್ಲರಿಗೂ ಹೀಗಾಗಲ್ಲ, ಕೆಲವರಿಗೆ ಮಾತ್ರ.

ಇಡೀ ಮೈಯಲ್ಲಿ ವೇಗಸ್ ನರ ಚರ್ಮದ ತನಕ ಬರುವ ಜಾಗ ಇದೊಂದೇ. ಆಪರೇಶನ್ ಇಲ್ಲದೆ ಅದನ್ನು ಮುಟ್ಟಬೇಕು ಅಂದವರೆಲ್ಲ ಕಿವಿಗೆ ಬಿದ್ದದ್ದು ಅದಕ್ಕೇ.

ಕಿವಿಯಲ್ಲಿ ಸರಿಯಾದ ಜಾಗ ಯಾವುದು?

ಜಾಹೀರಾತುಗಳು ಇಲ್ಲೇ ಎಡವುವುದು, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಕನ್ನಡಿ ಮುಂದೆ ನಿಂತುಕೊಳ್ಳಿ. ಕಿವಿಯ ಹೊರ ಅಂಚನ್ನು ಬೆರಳಲ್ಲಿ ಹಿಡಿದು ಮೇಲಿನಿಂದ ಮುಂದಕ್ಕೆ ಸವರುತ್ತಾ ಬನ್ನಿ. ಮುಖದ ಹತ್ತಿರ ಬಂದ ಮೇಲೆ ಆ ಅಂಚು ಒಳಕ್ಕೆ ತಿರುಗಿ, ಕಿವಿಯ ಬಟ್ಟಲಿನೊಳಗೆ ಒಂದು ಸಣ್ಣ ಏಣಾಗಿ ಇಳಿಯುತ್ತದೆ. ಆ ಏಣು ಬಟ್ಟಲನ್ನು ಎರಡು ಪಾಲು ಮಾಡುತ್ತದೆ. ಕೆಳಗಿನ ದೊಡ್ಡ ಪಾಲು ಕಿವಿಯ ತೂತಿಗೆ ಹೋಗುತ್ತದೆ. ಮೇಲಿನದು ಕಿರುಬೆರಳ ತುದಿ ಕೂರುವಷ್ಟು ಪುಟ್ಟ ಗುಳಿ. ಅದರ ಹೆಸರು ಸಿಂಬಾ ಕಾಂಕಾ.

2002ರಲ್ಲಿ ಪ್ಯೂಕರ್ ಮತ್ತು ಫಿಲ್ಲರ್ ಎಂಬ ಜರ್ಮನ್ ಸಂಶೋಧಕರು 14 ಕಿವಿಗಳನ್ನು ಬಿಡಿಸಿ ಯಾವ ನರ ಎಲ್ಲಿಗೆ ಬರುತ್ತದೆ ಅಂತ ನೋಡಿದರು. ಆ ಪುಟ್ಟ ಗುಳಿಗೆ ಎಲ್ಲಾ ಕಿವಿಗಳಲ್ಲೂ ವೇಗಸ್ ಕವಲೊಂದೇ ಬಂದಿತ್ತು. ಕಿವಿ ತೂತಿನ ಮುಂದಿರುವ ಗಡಸು ದಿಬ್ಬ ಇದೆಯಲ್ಲ, ಟ್ರೇಗಸ್, ಅಲ್ಲಿಗೆ ಬಂದಿದ್ದು 45% ಕಿವಿಗಳಲ್ಲಿ ಮಾತ್ರ. ಹದಿನಾಲ್ಕೇ ಕಿವಿ, ನಿಜ. ಆದರೂ ಇವತ್ತಿಗೂ ಎಲ್ಲರೂ ತಿರುಗಿ ನೋಡುವುದು ಇದೇ ಲೆಕ್ಕವನ್ನು. ಇಂದಿನ ಸಂಶೋಧನೆಗಳು ಬಹುಪಾಲು ಈ ಎರಡು ಜಾಗಗಳಲ್ಲೇ ನಡೆಯುತ್ತವೆ.

ಓಲೆ ಹಾಕುವ ಕೆಳಗಿನ ಮೆತ್ತನೆ ಭಾಗಕ್ಕೆ ಬರುವುದು ಕತ್ತಿನ ಕಡೆಯ ಬೇರೆ ನರ. ಬುಗುಡಿ ಹಾಕುವ ಮೇಲಂಚೂ ಮುಖ್ಯವಾಗಿ ಬೇರೆ ನರಗಳ ಪಾಲು. ಹಾಗಾಗಿ ಸಂಶೋಧನೆಯಲ್ಲಿ ಹೋಲಿಕೆಗೆ ಅಂತ "ಡಮ್ಮಿ" ಚಿಕಿತ್ಸೆ ಕೊಡಬೇಕಾದಾಗ ಕ್ಲಿಪ್ಪನ್ನು ಓಲೆ ಜಾಗಕ್ಕೇ ಹಾಕುತ್ತಾರೆ. ಈಗ ತಮಾಷೆ ನೋಡಿ: ಆನ್‌ಲೈನ್‌ನಲ್ಲಿ ಮಾರುವ ಕೆಲವು ಮೆಷಿನ್‌ಗಳ ಫೋಟೊದಲ್ಲಿ ಮಾಡೆಲ್ ಕ್ಲಿಪ್ ಹಾಕಿಕೊಂಡಿರುವುದು ಸರಿಯಾಗಿ ಆ ಡಮ್ಮಿ ಜಾಗಕ್ಕೆ.

ಕರೆಂಟ್ ಅಂದ್ರೆ ಶಾಕ್ ಹೊಡೆಯಲ್ವಾ? ಹೇಗನ್ನಿಸುತ್ತದೆ?

ಬ್ಯಾಟರಿಯ ಸಣ್ಣ ಕರೆಂಟ್ ಅದು, ಗೋಡೆ ಪ್ಲಗ್ಗಿನದಲ್ಲ. ಸಾಮಾನ್ಯವಾಗಿ ಅರ್ಧ ಮಿಲಿಆಂಪ್‌ನಿಂದ ಕೆಲವು ಮಿಲಿಆಂಪ್ ತನಕ. ಸೆಕೆಂಡಿಗೆ 20ರಿಂದ 25 ಸಲ, ಒಂದೊಂದು ಸಲವೂ 200-300 ಮೈಕ್ರೊಸೆಕೆಂಡ್ ಕೊಡುವುದು ರೂಢಿ. ಸೊನ್ನೆಯಿಂದ ಮೆಲ್ಲಗೆ ಏರಿಸುತ್ತಾ ಹೋದರೆ ಮೊದಲು ಏನೂ ಗೊತ್ತಾಗಲ್ಲ, ಆಮೇಲೆ ಇರುವೆ ಹರಿದ ಹಾಗೆ ಜುಮು ಜುಮು, ಇನ್ನೂ ಏರಿಸಿದರೆ ಚುಚ್ಚುತ್ತದೆ. ಜುಮು ಜುಮು ಅನ್ನುವಲ್ಲೇ ನಿಲ್ಲಿಸಬೇಕು. ಜಾಸ್ತಿ ಕರೆಂಟ್ ಕೊಟ್ಟರೆ ಜಾಸ್ತಿ ಗುಣ ಅನ್ನುವ ಲೆಕ್ಕ ಇಲ್ಲಿ ಇಲ್ಲ.

ಒಳಗೆ ಏನಾಗುತ್ತದೆ?

ಕಿವಿಯಿಂದ ಹೊರಟ ಸುದ್ದಿ ಮೆದುಳಿನ ಬುಡದಲ್ಲಿರುವ ನರಕೋಶಗಳ ಒಂದು ಗಂಟಿಗೆ ತಲುಪುತ್ತದೆ. ಹೃದಯ, ಹೊಟ್ಟೆಗಳ ಸುದ್ದಿ ಬರುವುದೂ ಅಲ್ಲಿಗೇ. ಅಲ್ಲಿಂದ ಎಚ್ಚರ, ಗಮನ, ಭಯ, ನೋವುಗಳನ್ನು ನೋಡಿಕೊಳ್ಳುವ ಭಾಗಗಳಿಗೆ ತಂತಿಗಳಿವೆ. 2015ರಲ್ಲಿ ಮೆದುಳಿನ ಯಾವ ಭಾಗ ಚುರುಕಾಗಿದೆ ಅಂತ ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನ್ ಮಾಡುತ್ತಲೇ ಸಿಂಬಾ ಕಾಂಕಾಕ್ಕೆ ಕರೆಂಟ್ ಕೊಟ್ಟು ನೋಡಿದಾಗ ಆ ಗಂಟು ಚುರುಕಾದದ್ದು ಕಂಡಿತ್ತು. ಅಂದರೆ ಸುದ್ದಿ ಮೆದುಳಿಗೆ ಮುಟ್ಟುತ್ತದೆ. ಮುಟ್ಟುವುದು ಬೇರೆ, ಕಾಯಿಲೆ ವಾಸಿಯಾಗುವುದು ಬೇರೆ.

ಆಪರೇಶನ್ ಮಾಡಿ ಹಾಕುವ ವೇಗಸ್ ಮೆಷಿನ್ ಇದೆಯಂತೆ. ಇದೂ ಅದೇನಾ?

ಅಲ್ಲ. ಗಲಿಬಿಲಿ ಆಗುವುದು ಇಲ್ಲೇ, ಮಾರುವವರಿಗೆ ಲಾಭವೂ ಇಲ್ಲೇ.

ಎದೆಯ ಚರ್ಮದ ಕೆಳಗೆ ಒಂದು ಪುಟ್ಟ ಯಂತ್ರ ಇಟ್ಟು, ಕತ್ತಿನಲ್ಲಿ ಎಡಗಡೆಯ ವೇಗಸ್ ನರಕ್ಕೆ ತಂತಿ ಸುತ್ತುವ ಚಿಕಿತ್ಸೆ ಮನುಷ್ಯರಿಗೆ ಮೊದಲು ಮಾಡಿದ್ದು 1988ರಲ್ಲಿ. ಮಾತ್ರೆಗೆ ಬಗ್ಗದ ಫಿಟ್ಸ್‌ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ಒಪ್ಪಿಗೆ ಕೊಟ್ಟಿತು. ಯಾವ ಔಷಧಿಗೂ ಬಗ್ಗದ ಡಿಪ್ರೆಶನ್‌ಗೆ 2005ರಲ್ಲಿ, ಲಕ್ವ ಹೊಡೆದ ಮೇಲೆ ಕೈಯ ಶಕ್ತಿ ವಾಪಸ್ ಬರಿಸಲು ವ್ಯಾಯಾಮದ ಜೊತೆಗೆ 2021ರಲ್ಲಿ, ರುಮಟಾಯ್ಡ್ ಸಂಧಿವಾತಕ್ಕೆ 2025ರಲ್ಲಿ. ಇವೆಲ್ಲ ಗಟ್ಟಿ ಕೆಲಸ. ಆದರೆ ಈ ಒಪ್ಪಿಗೆ ಸಿಕ್ಕಿದ್ದು ಆಪರೇಶನ್ ಮಾಡಿ ಒಳಗಿಟ್ಟು ನರಕ್ಕೇ ಕರೆಂಟ್ ಕೊಡುವ ಯಂತ್ರಗಳಿಗೆ, ಕಿವಿ ಕ್ಲಿಪ್ಪಿಗಲ್ಲ. "ವೇಗಸ್ ಚಿಕಿತ್ಸೆಗೆ ಎಫ್‌ಡಿಎ ಒಪ್ಪಿಗೆ ಇದೆ" ಅಂತ ಯಾರಾದರೂ ಹೇಳಿದರೆ, ಯಾವ ಮೆಷಿನ್‌ಗೆ, ಯಾವ ಕಾಯಿಲೆಗೆ ಅಂತ ಕೇಳಿ. ಅರ್ಧ ಜಾಹೀರಾತು ಅಲ್ಲೇ ಕರಗುತ್ತದೆ.

ಕಿವಿಯ ಸುತ್ತಲಿನ ಸಾಧನಗಳಿಗೂ ಅಲ್ಲಿ ಅಷ್ಟಿಷ್ಟು ಒಪ್ಪಿಗೆ ಇದೆ. 11ರಿಂದ 18 ವರ್ಷದ ಮಕ್ಕಳ ಕರುಳಿನ ತೊಂದರೆಯ ಹೊಟ್ಟೆನೋವಿಗೆ ಸಣ್ಣ ಸೂಜಿಗಳ ಒಂದು ಸಾಧನ 2019ರಲ್ಲಿ ಬಂತು. ಅಫೀಮಿನ ಜಾತಿಯ ಔಷಧಿ ಬಿಡುವಾಗ ಆಗುವ ಸಂಕಟಕ್ಕೂ ಇದೆ. ತೂಕ ಇಳಿಸಲು, ಶುಗರ್‌ಗೆ ಅಂತ ಯಾವುದೂ ಇಲ್ಲ.

ಹಾಗಾದರೆ ಕಿವಿ ಕ್ಲಿಪ್‌ನಿಂದ ಯಾವ ಕಾಯಿಲೆಗೆ ಪ್ರಯೋಜನ ಕಂಡಿದೆ?

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಹೃದಯದ ಕೆಲಸ. ಏಟ್ರಿಯಲ್ ಫಿಬ್ರಿಲೇಶನ್ ಅಂತ ಎದೆಬಡಿತ ತಾಳ ತಪ್ಪುವ ಕಾಯಿಲೆ ಇದೆ. ಅದರಲ್ಲಿ ಬಂದು ಹೋಗುವ ಬಗೆ ಇರುವ 53 ಜನರನ್ನು ಅಮೆರಿಕದ ಒಕ್ಲಹಾಮಾದ ತಂಡ ತೆಗೆದುಕೊಂಡಿತು. ಅರ್ಧ ಜನಕ್ಕೆ ಟ್ರೇಗಸ್‌ಗೆ ಕ್ಲಿಪ್, ಇನ್ನರ್ಧಕ್ಕೆ ಓಲೆ ಜಾಗಕ್ಕೆ. ದಿನಾ ಒಂದು ಗಂಟೆ, ಆರು ತಿಂಗಳು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು: ಆರನೇ ತಿಂಗಳಿಗೆ ಟ್ರೇಗಸ್ ಗುಂಪಿನಲ್ಲಿ ತಾಳ ತಪ್ಪುವ ಹೊತ್ತು ಇನ್ನೊಂದು ಗುಂಪಿಗಿಂತ 85% ಕಡಿಮೆ ಇತ್ತು. ಬಡಿತವನ್ನು ಮೆಷಿನ್ ಅಳೆದದ್ದು, "ಹೇಗನ್ನಿಸುತ್ತಿದೆ" ಅಂತ ಕೇಳಿ ಬರೆದುಕೊಂಡದ್ದಲ್ಲ. ಅದಕ್ಕೇ ಅದಕ್ಕೆ ತೂಕ. ಆದರೆ 53 ಜನ ಅಂದರೆ ಒಂದು ಬಸ್ಸಿನ ಜನ. ದೊಡ್ಡ ಪ್ರಯೋಗದಲ್ಲೂ ಇದೇ ಬರುವ ತನಕ ಯಾರೂ ಕುಣಿಯಬೇಕಾಗಿಲ್ಲ.

ಅರೆತಲೆನೋವಿನ ಕಥೆ ಇನ್ನೂ ವಿಚಿತ್ರ. ಜರ್ಮನಿಯಲ್ಲಿ ಬಹಳ ದಿನದ ಮೈಗ್ರೇನ್ ಇದ್ದ 46 ಜನರಿಗೆ ದಿನಾ ನಾಲ್ಕು ಗಂಟೆ ಸಿಂಬಾ ಕಾಂಕಾಕ್ಕೆ ಕರೆಂಟ್ ಕೊಟ್ಟರು. ಒಂದು ಗುಂಪಿಗೆ ಸೆಕೆಂಡಿಗೆ 25 ಸಲ, ಇನ್ನೊಂದಕ್ಕೆ ಸುಮ್ನೆ ಹೋಲಿಕೆಗೆ ಅಂತ ಸೆಕೆಂಡಿಗೆ ಒಂದೇ ಸಲ. 2015ರ ಆ ವರದಿಯಲ್ಲಿ ಗೆದ್ದದ್ದು ಹೋಲಿಕೆಗೆ ಇಟ್ಟಿದ್ದ ಗುಂಪು! ಅವರಿಗೆ 28 ದಿನದಲ್ಲಿ ತಲೆನೋವಿನ ದಿನಗಳು ಏಳು ಕಡಿಮೆಯಾದವು, 25 ಸಲದವರಿಗೆ ಮೂರು ಚಿಲ್ಲರೆ. ಮರುವರ್ಷ ಫಿಟ್ಸ್ ಇರುವ 76 ಜನರ ಮೇಲೆ ಅದೇ 25 ಮತ್ತು 1ರ ಹೋಲಿಕೆ ನಡೆಯಿತು. ಅಲ್ಲಿ 25 ಸಲದ್ದು ಹೆಚ್ಚು ಅಂತ ತೋರಿಸಲು ಆಗಲಿಲ್ಲ. ಔಷಧಿಯ ಡೋಸ್ ಎಷ್ಟು ಅಂತಲೇ ಇನ್ನೂ ಇತ್ಯರ್ಥ ಆಗಿಲ್ಲ ಅಂತ ಇದರ ಅರ್ಥ. ಇಂಥ ಸ್ಥಿತಿಯಲ್ಲಿ "ನಮ್ಮ ಮೆಷಿನ್‌ನಲ್ಲಿ ವಿಜ್ಞಾನಿಗಳು ಆರಿಸಿದ ಪಕ್ಕಾ ಸೆಟ್ಟಿಂಗ್" ಅನ್ನುವವರ ಧೈರ್ಯ ಮೆಚ್ಚಬೇಕು.

ಡಿಪ್ರೆಶನ್‌ಗೆ ಚೀನಾದಲ್ಲಿ ಜಾಸ್ತಿ ಕೆಲಸ ಆಗಿದೆ. ಫಲಿತಾಂಶ ಆಸೆ ಹುಟ್ಟಿಸುವಂತಿದೆ, ಆದರೆ ಕೆಲವು ಅಧ್ಯಯನಗಳಲ್ಲಿ ಡಮ್ಮಿ ಗುಂಪೇ ಇಲ್ಲ. ಕಿವಿ ಜುಮ್ಮೆನ್ನುತ್ತಾ ಇದ್ದರೆ ಏನೋ ಆಗುತ್ತಿದೆ ಅಂತ ಮನಸ್ಸಿಗೆ ಅನ್ನಿಸಿಯೇ ಅನ್ನಿಸುತ್ತದೆ. ಆ ನಂಬಿಕೆಯಿಂದಲೇ ಅರ್ಧ ಹಗುರಾಗುವವರೂ ಇದ್ದಾರೆ. ಹಾಗಾಗಿ ಡಮ್ಮಿ ಇಲ್ಲದ ಅಧ್ಯಯನವನ್ನು ನಾನು ಅರ್ಧ ಕಿವಿಯಲ್ಲಷ್ಟೇ ಕೇಳಿಸಿಕೊಳ್ಳುತ್ತೇನೆ.

ನನ್ನ ವಾಚ್‌ನಲ್ಲಿ ಎಚ್‌ಆರ್‌ವಿ ಜಾಸ್ತಿಯಾಯ್ತು. ಕೆಲಸ ಮಾಡ್ತಿದೆ ಅಂತ ಅಲ್ವಾ?

ಅಷ್ಟು ಸುಲಭ ಅಲ್ಲ. ಎರಡು ಬಡಿತಗಳ ನಡುವಿನ ಹೊತ್ತು ಎಷ್ಟು ಏರುಪೇರಾಗುತ್ತದೆ ಅನ್ನುವುದು ಎಚ್‌ಆರ್‌ವಿ. ಕಿವಿ ಚಿಕಿತ್ಸೆಯಿಂದ ಅದು ಬದಲಾಗುತ್ತದಾ ಅಂತ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ 2021ರಲ್ಲಿ ನೋಡಿದಾಗ, ಡಮ್ಮಿಗಿಂತ ಹೆಚ್ಚೇನೂ ಬದಲಾಗಲ್ಲ ಅಂತಲೇ ಕಂಡಿತು. ಅರ್ಧ ಗಂಟೆ ಫೋನ್ ಕೆಳಗಿಟ್ಟು ಒರಗಿ ಕೂತರೆ, ನಿಧಾನವಾಗಿ ಉಸಿರಾಡಿದರೆ, ರಾತ್ರಿ ಬೇಗ ಮಲಗಿದರೆ ಆ ಸಂಖ್ಯೆ ತಾನಾಗಿಯೇ ಏರುತ್ತದೆ. ಕ್ಲಿಪ್ ಹಾಕಿಕೊಂಡು ನೀವು ಮಾಡಿದ್ದೂ ಅದನ್ನೇ ಇರಬಹುದು.

ಓಂಕಾರ, ಭ್ರಾಮರಿ ಮಾಡಿದರೂ ಇದೇ ನರ ಏಳುತ್ತದೆ ಅಂತಾರಲ್ಲ?

ಇದಕ್ಕೆ ನಮ್ಮ ಬೆಂಗಳೂರಿನ ನಂಟಿದೆ. ನಿಮ್ಹಾನ್ಸ್‌ನವರು 12 ಜನರನ್ನು ಸ್ಕ್ಯಾನರ್ ಒಳಗೆ ಮಲಗಿಸಿ ಓಂ ಹೇಳಿಸಿದರು, ಹೋಲಿಕೆಗೆ "ಸ್ಸ್ಸ್" ಅಂತ ಸದ್ದು ಮಾಡಿಸಿದರು. ಓಂ ಹೇಳುವಾಗ ಭಯ, ಭಾವನೆಗಳಿಗೆ ಸಂಬಂಧಪಟ್ಟ ಮೆದುಳಿನ ಭಾಗಗಳ ಚಟುವಟಿಕೆ ತಗ್ಗಿತ್ತು, "ಸ್ಸ್ಸ್" ಅನ್ನುವಾಗ ಹಾಗಾಗಲಿಲ್ಲ. 2011ರಲ್ಲಿ ಅದು ಪ್ರಕಟವಾಯಿತು. ಓಂ ಹೇಳುವಾಗ ಕಿವಿಯ ಸುತ್ತ ಆಗುವ ಕಂಪನ ಆ ವೇಗಸ್ ಕವಲಿನ ಮೂಲಕ ಹೋಗುತ್ತಿರಬಹುದು ಅನ್ನುವುದು ಅವರ ಊಹೆ. ಗಮನಿಸಿ, ಊಹೆ. ಕಡಿಮೆಯಾದದ್ದು ಸ್ಕ್ಯಾನಿನಲ್ಲಿ ಕಂಡಿದೆ, ಕಿವಿಯ ದಾರಿಯಲ್ಲೇ ಹೋಯಿತು ಅನ್ನುವುದು ಕಂಡಿಲ್ಲ. ವಾಟ್ಸಾಪ್‌ಗೆ ಬರುವಷ್ಟರಲ್ಲಿ ಆ ಊಹೆ "ನಿಮ್ಹಾನ್ಸ್ ಸಾಬೀತು ಮಾಡಿದೆ" ಅಂತಾಗಿರುತ್ತದೆ. ಓಂಕಾರ ಮಾಡುವುದಕ್ಕೆ ಅಭ್ಯಂತರ ಏನೂ ಇಲ್ಲ. ಖರ್ಚಿಲ್ಲ, ಉಸಿರು ಉದ್ದವಾಗುತ್ತದೆ, ಅದೇ ದೊಡ್ಡ ಲಾಭ.

ಗಣಪತಿ ಮುಂದೆ ಕಿವಿ ಹಿಡಿದು ಬಸ್ಕಿ ಹೊಡೆಯುವುದೂ ಇದಕ್ಕೇನಾ?

ಬಸ್ಕಿ ಹೊಡೆಯುವಾಗ ನಾವು ಹಿಡಿಯುವುದು ಓಲೆ ಜಾಗವನ್ನು. ಮೇಲೆ ಹೇಳಿದೆನಲ್ಲ, ಅದು ಡಮ್ಮಿ ಜಾಗ. ಭಕ್ತಿಗೂ ತೊಡೆಗೂ ಒಳ್ಳೆಯದು, ಹೊಡೆಯಿರಿ. ಮೇಷ್ಟ್ರು ಕಿವಿ ಹಿಂಡಿದ್ದರಿಂದ ಲೆಕ್ಕ ಬಂತು ಅನ್ನುವವರಿಗೂ ಇದೇ ಉತ್ತರ.

ಕಿವಿಗೆ ಬೀಜ ಅಂಟಿಸುವ ಅಕ್ಯುಪ್ರೆಶರ್ ಕೂಡ ಇದೇನಾ?

ಬೇರೆ. 1950ರ ದಶಕದಲ್ಲಿ ಫ್ರಾನ್ಸಿನ ಲಿಯಾನ್‌ನ ಡಾಕ್ಟರ್ ಪಾಲ್ ನೊಜಿಯೆ, ಕಿವಿಯಲ್ಲಿ ತಲೆಕೆಳಗಾದ ಮಗುವಿನ ಆಕಾರದಲ್ಲಿ ಇಡೀ ಮೈಯ ನಕ್ಷೆ ಇದೆ ಅಂದರು. ಮಂಡಿಗೊಂದು ಚುಕ್ಕಿ, ಪಿತ್ತಕೋಶಕ್ಕೊಂದು ಚುಕ್ಕಿ. ಬೀಜದವರು ನಂಬುವುದು ಆ ಬಗೆಯ ನಕ್ಷೆಗಳನ್ನು. ಇಲ್ಲಿ ನಾವು ಮಾತಾಡುತ್ತಿರುವುದು ಕತ್ತರಿಸಿ ನೋಡಿದರೆ ಕಣ್ಣಿಗೆ ಕಾಣುವ ಒಂದು ನರದ ಬಗ್ಗೆ.

ಮನೆಯಲ್ಲಿ ಅತ್ತೆಯ ಮಂಡಿನೋವಿಗೆ ತಂದ ಟೆನ್ಸ್ ಮೆಷಿನ್ ಇದೆ. ಅದನ್ನೇ ಕಿವಿಗೆ ಹಾಕಬಹುದಾ?

ಟೆನ್ಸ್ ಅಂದರೆ ನೋವಿಗೆ ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಡುವ ಮೆಷಿನ್. ತತ್ವ ಒಂದೇ, ಸಂಶೋಧಕರಲ್ಲೂ ಕೆಲವರು ಟೆನ್ಸ್ ಮೆಷಿನ್ನಿಗೇ ಕಿವಿ ಕ್ಲಿಪ್ ಜೋಡಿಸಿ ಬಳಸಿದ್ದಾರೆ. ಆದರೂ ನೀವೇ ಕೂತು ಜೋಡಿಸಿ ಅಂತ ನಾನು ಹೇಳಲ್ಲ. ಮಂಡಿಗೆ ಮಾಡಿದ ಮೆಷಿನ್‌ನಲ್ಲಿ ಒಂದೊಂದು ಒತ್ತಿಗೂ ಕರೆಂಟ್ ಬಹಳ ಹಾರುತ್ತದೆ. ಮಂಡಿಯ ದಪ್ಪ ಚರ್ಮಕ್ಕೆ ಅದು ಗೊತ್ತೇ ಆಗಲ್ಲ, ಕಿವಿಗೆ ಚುರುಕ್ ಅನ್ನುತ್ತದೆ. "ಮಸಾಜ್ ಮೋಡ್" ಇರುವ ಅಗ್ಗದ ಮೆಷಿನ್‌ಗಳಂತೂ ಬೇಡವೇ ಬೇಡ.

ಫಿಸಿಯೋ ಅಥವಾ ಡಾಕ್ಟರ್ ನೋಡಿ ಒಪ್ಪಿದರೆ ಮಾತ್ರ, ಇಷ್ಟು ನೆನಪಿರಲಿ. ಎರಡು ಎಲೆಕ್ಟ್ರೋಡ್‌ಗಳೂ ಒಂದೇ ಕಿವಿಯಲ್ಲಿರಬೇಕು. ಈ ಕಿವಿಗೊಂದು ಆ ಕಿವಿಗೊಂದು ಹಾಕಿದರೆ ಕರೆಂಟ್ ತಲೆ ದಾಟುತ್ತದೆ. ಕತ್ತಿನ ಮುಂಭಾಗಕ್ಕೆ ಪ್ಯಾಡ್ ಯಾವತ್ತೂ ಬೇಡ, ಅಲ್ಲಿ ಬಿಪಿ ಮತ್ತು ಎದೆಬಡಿತ ನಿಯಂತ್ರಿಸುವ ಸೂಕ್ಷ್ಮ ಜಾಗ ಇದೆ. ಇನ್ನೊಂದು, ನಮ್ಮ ಮನೆಗಳಲ್ಲಿ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಕಿವಿಗೂ ಇಳಿದಿರುತ್ತದೆ. ಎಣ್ಣೆ ಇದ್ದರೆ ಕರೆಂಟ್ ಸರಿಯಾಗಿ ಹಾಯಲ್ಲ, ಗೊತ್ತಾಗುತ್ತಿಲ್ಲ ಅಂತ ಏರಿಸುತ್ತಾ ಹೋಗುತ್ತೀರಿ, ಆಮೇಲೆ ಕ್ಲಿಪ್ ಸ್ವಲ್ಪ ಜರುಗಿ ಒಳ್ಳೆ ಚರ್ಮ ಸಿಕ್ಕ ತಕ್ಷಣ ಕಿವಿ ಹಿಡಿದುಕೊಂಡು ಕಿರುಚುತ್ತೀರಿ. ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಜೆಲ್ ಹಚ್ಚಬೇಕು. ಓಲೆ, ಲೋಲಾಕು ತೆಗೆದಿಡಬೇಕು.

ಯಾವ ಕಿವಿ? ಎಷ್ಟು ಹೊತ್ತು?

ಬಹುಪಾಲು ಅಧ್ಯಯನಗಳಲ್ಲಿ ಎಡಗಿವಿ. ಬಲಗಡೆಯ ವೇಗಸ್ ಹೃದಯದ ಬಡಿತ ಹುಟ್ಟುವ ಜಾಗಕ್ಕೆ ಹೆಚ್ಚು ಹೋಗುತ್ತದೆ ಅನ್ನುವ ಮುನ್ನೆಚ್ಚರಿಕೆ ಅದು. ಕಿವಿಯ ವಿಷಯದಲ್ಲಿ ಅಷ್ಟು ಹೆದರಬೇಕಾ ಅನ್ನುವ ಚರ್ಚೆ ಇದೆ, ಆದರೂ ಎಡವೇ ಇರಲಿ. ಹೊತ್ತು 15 ನಿಮಿಷದಿಂದ ನಾಲ್ಕು ಗಂಟೆವರೆಗೂ ಇದೆ, ಅಧ್ಯಯನ ನೋಡಿಕೊಂಡು.

ಯಾರು ಮುಟ್ಟಬಾರದು?

ಪೇಸ್‌ಮೇಕರ್ ಅಥವಾ ಎದೆಯಲ್ಲಿ ಶಾಕ್ ಕೊಡುವ ಯಂತ್ರ ಇರುವವರು. ಕಿವಿ ಕೇಳಿಸಲು ಆಪರೇಶನ್ ಮಾಡಿ ಹಾಕುವ ಕಾಕ್ಲಿಯರ್ ಇಂಪ್ಲಾಂಟ್ ಇರುವವರು. ಎದೆಬಡಿತ ಮೊದಲೇ ನಿಧಾನ ಇರುವವರು, ಹಾರ್ಟ್ ಬ್ಲಾಕ್ (ರಕ್ತನಾಳದ್ದಲ್ಲ, ಬಡಿತದ ಸಂಕೇತ ಸಾಗುವ ದಾರಿಯ ತಡೆ) ಇದೆ ಅಂತ ಇಸಿಜಿಯಲ್ಲಿ ಬರೆಸಿಕೊಂಡವರು. ಪದೇ ಪದೇ ತಲೆ ತಿರುಗಿ ಬೀಳುವವರು. ಗರ್ಭಿಣಿಯರು. ಕಿವಿಯಲ್ಲಿ ಗಾಯ, ಸೋರುವಿಕೆ, ಇಸುಬು ಇರುವವರು. ಮಕ್ಕಳಿಗೆ ಡಾಕ್ಟರ್ ಹೇಳದೆ ಬೇಡ. ಫಿಟ್ಸ್ ಇರುವವರು ಅವರನ್ನು ನೋಡುವ ನ್ಯೂರಾಲಜಿಸ್ಟ್ ಹತ್ತಿರ ಮಾತಾಡದೆ ಬೇಡ. ಸ್ನಾನದ ಮನೆಯಲ್ಲಿ, ಗಾಡಿ ಓಡಿಸುವಾಗ ಬೇಡ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಸೈಡ್ ಎಫೆಕ್ಟ್ ಏನಾದರೂ?

177 ಅಧ್ಯಯನಗಳನ್ನು ಒಟ್ಟು ನೋಡಿದ 2022ರ ಒಂದು ಲೆಕ್ಕದಲ್ಲಿ ಸಾಮಾನ್ಯವಾಗಿ ಕಂಡದ್ದು ಕಿವಿನೋವು, ತಲೆನೋವು, ಜುಮ್ಮೆನ್ನುವುದು. ಇದರಿಂದಲೇ ಆಯಿತು ಅನ್ನುವಂಥ ಗಂಭೀರ ತೊಂದರೆ ಕಾಣಲಿಲ್ಲ. ಆದರೆ ಅಲ್ಲಿ ಭಾಗವಹಿಸಿದವರನ್ನು ಮೊದಲೇ ಜರಡಿ ಹಿಡಿದು ಆರಿಸಿರುತ್ತಾರೆ. ಪೇಸ್‌ಮೇಕರ್ ಇರುವ ಅಪ್ಪನನ್ನು ಅಲ್ಲಿ ಒಳಗೇ ಬಿಡಲ್ಲ, ಮನೆಯಲ್ಲಿ ನಾವು ಬಿಡುತ್ತೇವೆ. ಚರ್ಮ ಕೆಂಪಾಗಿ ಉರಿದರೆ ಕೆಲವು ದಿನ ನಿಲ್ಲಿಸಿ. ತಲೆ ಸುತ್ತು, ಎದೆಯಲ್ಲಿ ಡವಡವ ಬಂದರೆ ತೆಗೆದಿಟ್ಟು ಡಾಕ್ಟರ ಹತ್ತಿರ ಹೋಗಿ.

ಇದು ಶುರು ಮಾಡಿದ ಮೇಲೆ ಮಾತ್ರೆ ಬಿಡಬಹುದಾ?

ಬೇಡ. ಫಿಟ್ಸ್ ಮಾತ್ರೆ ಏಕಾಏಕಿ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರುವ ಅಪಾಯ ಇದೆ, ಜೀವಕ್ಕೇ ಕುತ್ತು. ತಾಳ ತಪ್ಪುವ ಹೃದಯಕ್ಕೆ ಕೊಟ್ಟ ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟರೆ ಲಕ್ವ ಹೊಡೆಯಬಹುದು.

ಕೊಳ್ಳುವ ಮುಂಚೆ ಏನು ನೋಡಬೇಕು?

ನಮ್ಮ ದೇಶದಲ್ಲಿ 2017ರ ವೈದ್ಯಕೀಯ ಸಾಧನ ನಿಯಮಗಳಿವೆ, ನೋಡಿಕೊಳ್ಳುವುದು ಕೇಂದ್ರದ ಔಷಧಿ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ. ಚಿಕಿತ್ಸೆಯ ಸಾಧನ ಅಂತ ಮಾರಿದರೆ ಅದರ ಲೈಸೆನ್ಸ್ ನಂಬರ್ ಕೇಳಿ. ಕೆಲವರು ಅದನ್ನು ತಪ್ಪಿಸಿಕೊಳ್ಳಲು "ವೆಲ್‌ನೆಸ್" ಅಂತ ಬರೆದುಕೊಳ್ಳುತ್ತಾರೆ. ಡಬ್ಬದ ಮುಂದೆ ಹತ್ತು ಕಾಯಿಲೆಗಳ ಹೆಸರು, ಹಿಂದೆ ಸಣ್ಣ ಅಕ್ಷರದಲ್ಲಿ "ಯಾವುದೇ ಕಾಯಿಲೆ ಗುಣಪಡಿಸಲು ಅಲ್ಲ" ಅಂತ ಇದ್ದರೆ ಹಿಂದಿನದನ್ನೇ ನಂಬಿ. ಕರೆಂಟ್ ಎಷ್ಟು ಮಿಲಿಆಂಪ್, ಸೆಕೆಂಡಿಗೆ ಎಷ್ಟು ಸಲ ಅಂತ ಬರೆದಿಲ್ಲದ, "ವೈಬ್ರೇಶನ್ ಎನರ್ಜಿ" ಅಂತ ಮಾತ್ರ ಇರುವ ಮೆಷಿನ್‌ಗೆ ದುಡ್ಡು ಹಾಕಬೇಡಿ. ಕ್ಲಿಪ್ ಕೂರುವ ಜಾಗ ಯಾವುದು ಅಂತಲೂ ನೋಡಿ. ಬೇಡ ಅನ್ನಿಸಿದರೆ ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ.

ಮೆಷಿನ್ ಇಲ್ಲದೆ ಬೆರಳಲ್ಲಿ ಉಜ್ಜಿದರೆ ಸಾಕಾ?

ಹಿತವಾಗಿರುತ್ತದೆ, ತೊಂದರೆ ಇಲ್ಲ. ಅದನ್ನು ಚಿಕಿತ್ಸೆ ಅನ್ನಲು ಆಧಾರ ಸಾಲದು. ದುಡ್ಡಿಲ್ಲದೆ ಈ ನರದ ಕೆಲಸ ನೋಡಬೇಕಾದರೆ ಕಿವಿಗಿಂತ ಉಸಿರೇ ಹತ್ತಿರದ ದಾರಿ. ಬೆರಳನ್ನು ಮಣಿಕಟ್ಟಿನ ನಾಡಿಯ ಮೇಲೆ ಇಟ್ಟು ಕೂತುಕೊಳ್ಳಿ. ನಿಮಿಷಕ್ಕೆ ಆರು ಉಸಿರಿನ ಹಾಗೆ ನಿಧಾನವಾಗಿ ಎಳೆದು ಬಿಡಿ. ಎಳೆದುಕೊಳ್ಳುವಾಗ ನಾಡಿ ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಬಿಡುವಾಗ ಹಾಗೆ ತಡೆಹಿಡಿಯುವುದು ವೇಗಸ್ಸೇ. ವಯಸ್ಸು ಕಡಿಮೆ ಇದ್ದವರ ಕೈಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ, ಮಕ್ಕಳ ಕೈ ಹಿಡಿದು ನೋಡಿ.